ಅರಳಿಯ ಕೊಂಬೆ ಬಗ್ಗಿಸಿದ ಶ್ರಾವಣ

ಗಿಲ್ಲೆಸುಗೂರಿನಿಂದ ರಾಯಚೂರಿಗೆ ಹೋಗುವ ಸಂಜೆ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕದವರು ನೆನೆದ ಗೋಣಿಚೀಲಗಳ ಕಟ್ಟೊಂದನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಕುಳಿತರು. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಒದ್ದೆ ಸೆಣಬಿನ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಹೆಬ್ಬೆರಳುಗಳು ತಾವಾಗಿಯೇ ಜೋಡಿಯಾಗಿ ಕುಳಿತವು. ದಪ್ಪ ಕೊಂಬೆ ಬಗ್ಗಿಸುವಾಗ ಹೆಬ್ಬೆರಳು ಹಾಗೆಯೇ ಇರಬೇಕು, ಬಾಗಿನ ಒಳಗಡೆ, ಒಂದರ ಪಕ್ಕ ಒಂದು. ಐದು ವರ್ಷದ ಹಿಂದೆ ಮಾನ್ವಿಯಲ್ಲಿ ಒಂದಿಡೀ ಶ್ರಾವಣ ಅಪ್ಪ ಇದನ್ನೇ ಹೇಳಿ ಹೇಳಿ ನನ್ನ ತಲೆ ತಿಂದಿದ್ದ. ಆ ಶ್ರಾವಣ ಕೊಟ್ಟ ಪೆಟ್ಟಿನಿಂದ ನಾನು ಇನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ನಮ್ಮ ಮೂಲ ಊರು ಮಲ್ಲಟ. ಅಪ್ಪ ದುರ್ಗಪ್ಪ ಮದುವೆಯಾದ ಹೊಸದರಲ್ಲಿ ಅವ್ವನನ್ನು ಕರೆದುಕೊಂಡು ಮಾನ್ವಿಗೆ ಬಂದು, ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ಹಾಕುವ ಕೆಲಸಕ್ಕೆ ಸೇರಿದ. ಅದರ ಜೊತೆ ಇನ್ನೊಂದು ಕೆಲಸವೂ ಅವನ ಕೊರಳಿಗೆ ಬಿತ್ತು. ಮಿಲ್ಲಿನ ಹಳೆಯ ಗೋಡೆಗಳ ಬಿರುಕಿನಲ್ಲಿ ಪ್ರತಿ ಮಳೆಗಾಲ ಅರಳಿ ಸಸಿಗಳು ಏಳುತ್ತವೆ. ಬಿಟ್ಟರೆ ಗೋಡೆಯನ್ನು ಸೀಳುತ್ತವೆ. ಆದರೆ ಅರಳಿ ಕಡಿದರೆ ಮನೆತನಕ್ಕೆ ಕೇಡು ಎಂದು ಮಾಲೀಕರ ಮನೆಯವರು ಅದಕ್ಕೆ ಕೈ ಹಚ್ಚುತ್ತಿರಲಿಲ್ಲ, ಅವರ ಬಳಗದ ಕೆಲಸಗಾರರೂ ಹಚ್ಚುತ್ತಿರಲಿಲ್ಲ. "ದುರ್ಗಪ್ಪನ್ನ ಕರೀರಿ" ಅನ್ನುತ್ತಿದ್ದರು. ನಮ್ಮ ಕೇರಿಯವರು ಕಡಿದರೆ ಕೇಡು ತಟ್ಟುವುದಿಲ್ಲ ಎಂದೋ, ತಟ್ಟಿದರೂ ಚಿಂತೆಯಿಲ್ಲ ಎಂದೋ, ಯಾರೂ ಬಿಡಿಸಿ ಹೇಳಿರಲಿಲ್ಲ.

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಅದರಲ್ಲಿ ಬುದ್ಧ ಕುಳಿತಿರುವುದು ಅರಳಿಯ ಕೆಳಗೇ. ಓದಿ ಬುದ್ಧಿ ಬಂದ ಮೇಲೆ ನಾನು ಇದನ್ನು ಎತ್ತಿ ತೋರಿಸಿ, ಅವರು ಕರೆದಾಗ ಯಾಕೆ ಹೋಗುತ್ತಿ ಎಂದು ಅಪ್ಪನ ಜೊತೆ ಎಷ್ಟೋ ಸಲ ಜಗಳ ತೆಗೆದಿದ್ದೆ. ಅವನು ನಗುತ್ತಿದ್ದ, ಯಾಕೆಂದರೆ ಅವನು ಕಡಿಯುತ್ತಲೇ ಇರಲಿಲ್ಲ. ಸಸಿಯನ್ನು ಬೇರು ಸಮೇತ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದು, ಖಾಲಿ ಎಣ್ಣೆಯ ಡಬ್ಬಿಗಳಲ್ಲಿ ನೆಡುತ್ತಿದ್ದ. ಈ ಹುಚ್ಚು ಅಂಟಿದ್ದು ದೇವದುರ್ಗದಲ್ಲಿ. ನಾನು ಐದು ವರ್ಷದವಳಿದ್ದಾಗ ಮಿಲ್ಲು ಒಂದು ವರ್ಷ ಬಂದ್ ಬಿದ್ದಿತ್ತು. ಅಪ್ಪ ಕೂಲಿ ಹುಡುಕಿಕೊಂಡು ದೇವದುರ್ಗಕ್ಕೆ ಹೋಗಿ ಅಲ್ಲೊಬ್ಬ ಮುದಿ ಮಾಲಿಯ ಕೈಕೆಳಗೆ ದುಡಿದ. ದೊಡ್ಡ ಮರದ ಜಾತಿಯನ್ನು ಬೋಗುಣಿಯಷ್ಟು ಕುಂಡದಲ್ಲಿ ಬೆಳೆಸುವ ವಿದ್ಯೆ ಆ ಮಾಲಿಯದು. ಬೋನ್ಸಾಯ್ ಎಂಬ ಹೆಸರು ಅಪ್ಪನಿಗೆ ಇವತ್ತಿಗೂ ಬಾಯಿಗೆ ಹತ್ತಿಲ್ಲ, "ಗಿಡ್ಡ ಗಿಡ" ಅನ್ನುತ್ತಾನೆ. ಅವ್ವನ ಮಾತೇ ಬೇರೆ: "ಮಗಳ ತಲಿಗೆ ಒಂದಿನ ಎಣ್ಣಿ ಹಚ್ಚಲಿಲ್ಲ ಈ ಮನಷ್ಯಾ, ಗಿಡಕ್ಕ ಬ್ಯಾಂಡೇಜ್ ಕಟ್ಟಿಕೋತ ಕುಂದರ್ತಾನ."

ಐದು ವರ್ಷದ ಹಿಂದೆ, ಆ ಶ್ರಾವಣದ ವರ್ಷ, ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಅಪ್ಪ ಮಿಲ್ಲಿನ ಕೆಲಸ ಬಿಟ್ಟಿದ್ದರೂ ಅರಳಿ ಎದ್ದರೆ ಕರೆ ಅವನಿಗೇ ಬರುತ್ತಿತ್ತು. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಹೋದವನು ಏಣಿಯಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡು ಬಂದ. ಪ್ಲಾಸ್ಟರ್ ಹಾಕಿದರು. ಕೈ ನೋವಿಗಿಂತ ಅವನಿಗೆ ಹತ್ತಿದ ಚಿಂತೆ ಅಂಗಳದ ದೊಡ್ಡ ಡಬ್ಬಿಯ ಅರಳಿಯದು. ಮೊಣಕಾಲೆತ್ತರದ ಗಿಡ, ನೋಡಿದರೆ ನೂರು ವರ್ಷದ ಮರದ ಠೀವಿ. ಆದರೆ ಎರಡು ಬೆರಳು ದಪ್ಪದ ಒಂದು ಕೊಂಬೆ ಮಾತ್ರ ನೆಟ್ಟಗೆ ಮೇಲಕ್ಕೆ ಹೋಗಿ ಇಡೀ ಗಿಡದ ಅಂದ ಕೆಡಿಸಿತ್ತು.

"ಈ ಮಳಿಗಾಲದಾಗ ಬಗ್ಗಲಿಲ್ಲಂದ್ರ ಇನ್ನ ಬಗ್ಗಂಗಿಲ್ಲ. ನನ್ನ ಕೈ ಕಟ್ಟಿ ಹಾಕ್ಯಾರ. ನೀ ಮಾಡು," ಅಂದ.

"ನಾ ಟೀಚರ್ ಅದೀನಪ್ಪ, ಮಾಲಿ ಅಲ್ಲ."

"ಬೋರ್ಡಿನ ಮ್ಯಾಲೆ ಕಾಂಡ, ಕೊಂಬಿ ಅಂತ ಚಿತ್ರ ತಗೀತಿಯಲ್ಲ. ಒಮ್ಮಿ ಕೈಯಾಗ ಹಿಡಿದು ನೋಡು."

ಶ್ರಾವಣ ಹಿಡಿದ ವಾರ ಕೆಲಸ ಶುರುವಾಯಿತು. ಮೊದಲು ಮೂರು ದಿನ ಗಿಡವನ್ನು ಚಪ್ಪರದ ಕೆಳಗಿಟ್ಟು ನೀರು ನಿಲ್ಲಿಸಿದೆವು. ನೀರು ಕುಡಿದು ಬೀಗಿದ ಕೊಂಬೆ ಸೆಟೆದುಕೊಂಡಿರುತ್ತದೆ, ಬಾಯಾರಿದ ಕೊಂಬೆ ಮಾತು ಕೇಳುತ್ತದೆ. ಎಲೆಗಳು ಸ್ವಲ್ಪ ಜೋತುಬಿದ್ದಾಗ ಅಪ್ಪ ಗೋಣಿಯಿಂದ ಬಿಚ್ಚಿದ ನಾರನ್ನು ನೆನೆಹಾಕಿಸಿದ. ಮೋಟರ್ ವೈಂಡಿಂಗ್ ಅಂಗಡಿಯಿಂದ ಒಂದಿಷ್ಟು ತಾಮ್ರದ ತಂತಿ, ಕರೆಂಟಿನವರು ಎಸೆದು ಹೋದ ದಪ್ಪ ಅಲ್ಯೂಮಿನಿಯಂ ವೈರು, ಪಂಕ್ಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ಪಟ್ಟಿ ತಂದದ್ದಾಯಿತು. ಇಷ್ಟೆಲ್ಲ ಸರಿ. ಆಮೇಲೆ ಅವನು ನನ್ನ ಕೈಗೆ ಸಣ್ಣ ಗರಗಸ ಕೊಟ್ಟು ಕೊಂಬೆಯ ಬುಡದ ಅಡಿ ಭಾಗ ತೋರಿಸಿ, "ಇಲ್ಲಿ ಕೊಯ್ಯಿ," ಅಂದಾಗ ನಾನು ಗರಗಸವನ್ನು ಅವನತ್ತಲೇ ಚಾಚಿದೆ.

"ಬದುಕಿದ ಗಿಡ ಅಪ್ಪಾ ಇದು."

"ಹೂಂ, ಬದುಕಲಿ ಅಂತಾನೇ. ಮೂರರಾಗ ಒಂದು ಪಾಲು ಮಾತ್ರ. ಕಲ್ಲಂಗಡಿ ಹಣ್ಣಿನ ಹೋಳು ತಗದಂಗ ತಗಿ. ಕೆಳಗ ಬಗ್ಗಿದಾಗ ಆ ಬಾಯಿ ಮುಚ್ಚಿಕೊಂಡು ಕೂಡತದ."

ಗರಗಸ ಎರಡು ಸಲ ಎಳೆಯುವಷ್ಟರಲ್ಲಿ ಬಿಳೀ ಹಾಲು ಒಸರಿ ನನ್ನ ಬೆರಳ ಮೇಲೆ ಇಳಿಯಿತು. ವರ್ಷಾನುಗಟ್ಟಲೆ ಈ ಹಾಲಿನ ಬಗ್ಗೆ ಮಕ್ಕಳಿಗೆ ಪಾಠ ಹೇಳಿದವಳು ನಾನು, ಅವತ್ತು ಗರಗಸ ಕೆಳಗಿಟ್ಟುಬಿಟ್ಟೆ. ಅಪ್ಪ ಗದರಲಿಲ್ಲ. ಹಾಲು ನಿಲ್ಲುವವರೆಗೆ ಒದ್ದೆ ಬಟ್ಟೆ ಒತ್ತಿ ಹಿಡಿ ಅಂದ. ಆಮೇಲೆ ಕೊಂಬೆಯ ಮೇಲ್ಬದಿಗೆ ದಪ್ಪ ತಂತಿಯೊಂದನ್ನು ಉದ್ದಕ್ಕೆ ಇಡಿಸಿದ. ಕೆಳಗೆ ಬಗ್ಗಿಸುವಾಗ ಮೊದಲು ಹರಿಯುವುದು ಮೇಲಿನ ಸಿಪ್ಪೆ, ಅದಕ್ಕೆ ಬೆನ್ನೆಲುಬಿನಂತೆ ಈ ತಂತಿ. ಅದರ ಮೇಲೆ ಒದ್ದೆ ನಾರನ್ನು ಎಡೆ ಬಿಡದಂತೆ ಬಿಗಿಯಾಗಿ ಸುತ್ತಿ, ಮೇಲೆ ಟ್ಯೂಬಿನ ಪಟ್ಟಿ ಸುತ್ತಿ, ಕೊನೆಗೆ ಅಲ್ಯೂಮಿನಿಯಂ ವೈರನ್ನು ಓರೆಯಾಗಿ ಬಳಸಿದೆ. ನಂತರ ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ.

"ಕಿವಿ ಕೊಟ್ಟು ಬಗ್ಗಿಸು. ಚಿಟಿಚಿಟಿ ಅಂದ್ರ ಅಂಜಬ್ಯಾಡ. ಟಕ್ ಅಂದ್ರ ನಿಲ್ಲು. ಜಬರದಸ್ತಿ ಇಲ್ಲಿ ನಡಿಯಂಗಿಲ್ಲ."

ಕೊಂಬೆ ಇಳಿಯತೊಡಗಿತು. ನನ್ನ ಕೈಯಲ್ಲಿ ಮರ ಬಾಗುತ್ತಿದೆ ಎಂಬ ಹಮ್ಮು ತಲೆಗೇರಿತು ಅಂತ ಕಾಣುತ್ತದೆ, ಇನ್ನೊಂಚೂರು ಒತ್ತಿದೆ. ಟಕ್ ಅಂದಿತು. ಮೇಲ್ಬದಿಯ ಸುತ್ತು ಬಿಚ್ಚಿ ನೋಡಿದರೆ ಉಗುರು ತೂರುವಷ್ಟು ಸೀಳು. ಅಪ್ಪ ಕೊಂಬೆಯನ್ನು ಒಂದು ಬೆರಳಷ್ಟು ವಾಪಸ್ ಎತ್ತಿಸಿ, ಸೀಳಿಗೆ ಜೇನುಮೇಣ ಕರಗಿಸಿ ತುಂಬಿಸಿ, ಮತ್ತೆ ನಾರು ಸುತ್ತಿಸಿದ. ಕೊಂಬೆಯ ತುದಿಯಿಂದ ಡಬ್ಬಿಯ ಅಂಚಿನ ತೂತಿಗೆ ಎರಡೆಳೆ ತಂತಿ ಕಟ್ಟಿ, ಎಳೆಗಳ ನಡುವೆ ಮೊಳೆ ತೂರಿಸಿದೆವು. ಮೊಳೆ ತಿರುವಿದರೆ ತಂತಿ ಹುರಿಗೊಂಡು ಕೊಂಬೆ ಇಳಿಯುತ್ತದೆ. "ಎಂಟು ದಿನ ಮುಟ್ಟಬ್ಯಾಡ. ಆಮ್ಯಾಲೆ ಎರಡು ದಿನಕ್ಕ ಅರ್ಧ ಸುತ್ತು. ನೀರು ಕಮ್ಮಿ, ಗಾಯಕ್ಕಂತೂ ಒಂದು ಹನಿ ತಾಗಬಾರದು," ಅಂದ. ಮುರಿದದ್ದು ಉಳಿಯುತ್ತದೋ ಇಲ್ಲವೋ, ನೋಡಬೇಕಿತ್ತು.

ಹತ್ತನೇ ದಿನ ನಮ್ಮ ಮನೆ ಮುಂದೆ ಆಟೋ ನಿಂತಿತು. ಇಳಿದವರು ಮಿಲ್ಲಿನ ಮಾಲೀಕರ ತಾಯಿ ಶಂಕ್ರಮ್ಮ, ಕೆಲಸಗಾರರ ಬಾಯಲ್ಲಿ ಅಮ್ಮಾರು. ಎಪ್ಪತ್ತು ದಾಟಿದ ಜೀವ, ಹಣೆ ತುಂಬ ವಿಭೂತಿ. ಮೂವತ್ತು ವರ್ಷದಲ್ಲಿ ಆ ಮನೆಯ ಒಬ್ಬರೂ ನಮ್ಮ ಓಣಿಗೆ ಕಾಲಿಟ್ಟದ್ದಿಲ್ಲ. ಅವ್ವ ಚಹಾ ಮಾಡಿ, ಲೋಟ ಕೊಡಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತಳು.

"ಕೊಡವ್ವಾ, ಆರತದ," ಅಂದರು ಅಮ್ಮಾರು. ಕುಡಿದರು ಕೂಡ. ಅವ್ವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಮೊಣಕಾಲು ಬಿಡಲಿಲ್ಲೋ ದುರ್ಗಪ್ಪ, ಇಲ್ಲಂದ್ರ ಅವಾಗೇ ಬರ್ತಿದ್ದೆ. ನಮ್ಮ ಗ್ವಾಡಿಗೆ ಹತ್ತಿ ಕೈ ಮುರ್ಕೊಂಡಿ," ಅನ್ನುತ್ತಲೇ ಅವರ ಕಣ್ಣು ಅಂಗಳದ ಡಬ್ಬಿಗಳ ಸಾಲಿಗೆ ಹೋಯಿತು. "ಇವೇನು, ಇಷ್ಟು ಅರಳಿ?"

ಅಪ್ಪ ಎಡಗೈಯಿಂದ ತಲೆ ಕೆರೆದುಕೊಂಡ. "ನಿಮ್ಮ ಗ್ವಾಡಿಯವೇರಿ ಅಮ್ಮಾರ. ಕಡಿ ಅಂತಿದ್ರಿ. ನಾ ಕಡೀಲಿಲ್ಲ, ತಂದು ಹಚ್ಚೀನಿ. ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋರಿ."

ಅವರು ಡಬ್ಬಿಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಆಮೇಲೆ ಯಾರಿಗೋ ವರದಿ ಒಪ್ಪಿಸುವ ಹಾಗೆ ಹೇಳಿದರು: "ನೀ ಮಿಲ್ಲಿಗೆ ಬಂದ ವರ್ಷ ಬಾಯ್ಲರ್ ಹಿಂದಿನ ಗ್ವಾಡಿಯಾಗ ಒಂದು ಎದ್ದಿತ್ತು. ನಮ್ಮತ್ತಿ ಬ್ಯಾಡ ಅಂದ್ರು. ನಾನೇ ನಿಂತು ಕಡಿಸೀನಿ. ಅದೇ ಶ್ರಾವಣದಾಗ ನನ್ನ ಮಗಳು ಹೋತು. ನಾಕು ವರ್ಷದ್ದು. ಎರಡು ದಿನ ಜ್ವರ, ಅಷ್ಟೇ. ಗಿಡ ಕಡಿಸಿ ಕೂಸಿನ್ನ ತಿಂದಾಕಿ ಅಂತ ನಮ್ಮತ್ತಿ ಸಾಯೂತನ ನನ್ನ ಕೈಲೆ ನೀರು ಕುಡೀಲಿಲ್ಲ."

ನಮಗೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಮಗು ತೀರಿದ್ದು ಗೊತ್ತಿತ್ತು, ಅದನ್ನು ಅರಳಿಯ ಲೆಕ್ಕಕ್ಕೆ ಬರೆದದ್ದು ಗೊತ್ತಿರಲಿಲ್ಲ.

"ಆ ವರ್ಷದ್ದು ಇದ್ರಾಗ ಅದ ಏನು ದುರ್ಗಪ್ಪ?"

ಅಪ್ಪ ಎಡಗೈ ಎತ್ತಿ, ನಾನು ಕೊಯ್ದು ಮುರಿದು ಕಟ್ಟಿದ್ದ ದೊಡ್ಡ ಡಬ್ಬಿಯ ಗಿಡ ತೋರಿಸಿದ. "ಇದೇರಿ. ಸತ್ತಿಲ್ಲರಿ ಅದು."

ಅಮ್ಮಾರು ಎದ್ದು ಹೋಗಿ ಒಂದು ಎಲೆಯನ್ನು ಎರಡೂ ಅಂಗೈ ನಡುವೆ ಹಿಡಿದುಕೊಂಡು ಅಳತೊಡಗಿದರು. ಆ ಎಲೆ ಆಗಲೇ ಹಳದಿ ತಿರುಗುತ್ತಿತ್ತು.

ಅವರು ಹೋದ ಮೇಲೆ ಅಪ್ಪ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. "ಅದು ಅಲ್ಲವ್ವಾ," ಅಂದ ನನಗೆ.

"ಯಾವುದು ಅಲ್ಲ?"

"ಆ ವರ್ಷದ್ದಲ್ಲ. ಆ ಗಿಡ ನಾನೇ ಕಡಿದು ಬಾಯ್ಲರಿಗೆ ಒಗೆದೀನಿ. ದೇವದುರ್ಗಕ್ಕ ಹೋಗಿದ್ದಿಲ್ಲ ಅವಾಗ, ಉಳಸಬೇಕು ಅನ್ನೋದು ನನಗೇನು ಗೊತ್ತು. ಅವರ ಮಾರಿ ನೋಡಿ ಬಾಯಿಗೆ ಬಂದುಬಿಡ್ತು."

ನಾನು ಬಾಯಿಗೆ ಬಂದ ಹಾಗೆ ಬೈದೆ. ಸುಳ್ಳು ಹೇಳಿದ್ದಕ್ಕೆ ಬೈದೆ, ಹೇಳುವುದಾದರೆ ಆರೋಗ್ಯವಾಗಿರುವ ಬೇರೊಂದು ಗಿಡ ತೋರಿಸದೆ ಸಾಯುವ ಸ್ಥಿತಿಯಲ್ಲಿದ್ದುದನ್ನೇ ತೋರಿಸಿದ್ದಕ್ಕೆ ಇನ್ನೂ ಬೈದೆ. "ಎಲ್ಲಾಕಿಂತ ದೊಡ್ಡದು ಅದೇ ಇತ್ತಲ್ಲವ್ವಾ," ಅಂದ. ಇನ್ನು ಆ ಗಿಡ ಸತ್ತರೆ ಆ ಮುದುಕಿ ಎರಡನೇ ಸಲ ಮಗಳನ್ನು ಕಳೆದುಕೊಂಡಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ಅಮ್ಮಾರು ದಿನಾ ಬೆಳಿಗ್ಗೆ ಬರತೊಡಗಿದರು. ಕೈಯಲ್ಲಿ ತಂಬಿಗೆ ನೀರು, ಸಣ್ಣ ಗಿಂಡಿಯಲ್ಲಿ ಹಾಲು. ಮೊಣಕಾಲು ಊರಲಾರದೆ ನಿಂತೇ ಗಿಡಕ್ಕೆ ನೀರು ಸುರಿದು, ಮೇಲೆ ಹಾಲು ಹನಿಸಿ, ಗಾಯದ ಕಟ್ಟಿಗೆ ವಿಭೂತಿ ಹಚ್ಚಿ, ಐದು ಸುತ್ತು ಹಾಕುತ್ತಿದ್ದರು. ನೆಲದಲ್ಲಿ ಬೇರೂರಿದ ಅರಳಿಮರಕ್ಕೆ ಇದೆಲ್ಲ ನಡೆಯುತ್ತದೆ. ಎಣ್ಣೆ ಡಬ್ಬಿಯ ಗಿಡಕ್ಕೆ, ಅದೂ ಕೊಯ್ದ ಗಿಡಕ್ಕೆ, ಇದು ವಿಷ. ವಾರದಲ್ಲಿ ಮಣ್ಣು ಹುಳಿ ವಾಸನೆ ಹೊಡೆಯತೊಡಗಿತು. ಬಗ್ಗಿಸಿದ ಕೊಂಬೆಯ ಎಲೆ ಒಂದೊಂದೇ ಉದುರಿದವು. ಅವರು ಹೋದ ಕೂಡಲೇ ನಾನು ಡಬ್ಬಿಯನ್ನು ಓರೆ ಮಾಡಿ ನೀರು ಬಸಿಯುತ್ತಿದ್ದೆ, ಕಟ್ಟಿನ ಮೇಲೆ ಒಣ ಬಟ್ಟೆ ಒತ್ತುತ್ತಿದ್ದೆ.

"ನೀರು ಬ್ಯಾಡ ಅಂತ ಹೇಳಪ್ಪ ಅವರಿಗೆ."

"ಮೂವತ್ತು ವರ್ಷ ಅವರಿಗೆ ಹೂಂ ಅಂದ ಬಾಯಿ ಇದು. ಬ್ಯಾಡ ಅನ್ನಾಕ ಬರವಲ್ದು," ಅಂದ. ಸಿಟ್ಟು ನೆತ್ತಿಗೇರಿತು. ನಾನೇ ಹೇಳುತ್ತೇನೆ, ಹೇಳುವುದಾದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಅಂದುಕೊಂಡೆ. ಮಗುವಿನ ಜ್ವರಕ್ಕೂ ಗಿಡಕ್ಕೂ ಸಂಬಂಧ ಇಲ್ಲ ಎಂದು ಹೇಳಲಾರದ ವಿಜ್ಞಾನ ಟೀಚರ್ ಇದ್ದರೆಷ್ಟು, ಬಿಟ್ಟರೆಷ್ಟು.

ಮರುದಿನ ಅಪ್ಪ ಕೈ ತೋರಿಸಲು ಅವ್ವನ ಜೊತೆ ರಾಯಚೂರಿಗೆ ಹೋಗಿದ್ದ. ಅಮ್ಮಾರು ತಂಬಿಗೆ ಎತ್ತಿದಾಗ ಕೈ ಅಡ್ಡ ಇಟ್ಟೆ.

"ಸಾಕ್ರಿ ಅಮ್ಮಾರ. ಈ ಕೊಂಬಿ ಕೊಯ್ದೀವಿ, ಮುರಿದೂ ಅದ. ಮುರಿದಾಕಿ ನಾನೇ. ಗಾಯಕ್ಕ ನೀರು ಹೋದ್ರ ಕೊಳೀತದ. ಹಾಲಂತೂ ಬ್ಯಾಡೇ ಬ್ಯಾಡ."

ತಂಬಿಗೆ ಗಾಳಿಯಲ್ಲೇ ನಿಂತಿತು. "ಹಂಗಾದ್ರ ನಾ ಮತ್ತ ಕೊಲ್ಲಾಕತ್ತಿದ್ದೆನೇನು?" ಅಂದರು.

ಆದರೂ ನಾನು ಬಿಡಲಿಲ್ಲ. "ಇನ್ನೊಂದು ಮಾತು ಅದ ಅಮ್ಮಾರ. ಈ ಗಿಡ..."

"ಆ ಗಿಡ ಅಲ್ಲ. ಗೊತ್ತದ," ಅಂದರು.

ನಾನು ಅಡ್ಡ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದೆ.

"ಬಾಯ್ಲರಿಗೆ ಹಾಕೂತನ ಅಲ್ಲೇ ನಿಂತಿದ್ದೆ ನಾ. ಹಸೀ ಎಲಿ ಸಿಡಿಯೋ ಸಪ್ಪಳ ಇನ್ನೂ ಕಿವ್ಯಾಗ ಅದ. ಆದ್ರೂ ಆಸಿಗೆ ಬಿದ್ದು ಕೇಳಿದೆ, ನಿಮ್ಮಪ್ಪ ನನಗಾಗಿ ಸುಳ್ಳು ಹೇಳಿದ. ನನಗಾಗಿ ಸುಳ್ಳು ಹೇಳಿದವರು ಆ ಮನಿಯಾಗ ಒಬ್ಬರೂ ಇದ್ದಿಲ್ಲ." ಕುರ್ಚಿಗಾಗಿ ಕೈ ಚಾಚಿದರು, ತಂದು ಕೂರಿಸಿದೆ. "ನಾ ಮಾಡಿದ್ದು ಅವಗ ಗೊತ್ತಿದ್ರ ಆ ಸುಳ್ಳು ಹೇಳ್ತಿದ್ದಿಲ್ಲ."

"ಏನು ಮಾಡೀರಿ ನೀವು?"

"ಪಾಪ ಹತ್ತೋದಾದ್ರ ಕಡಿದವನ ಮನಿಗೆ ಹತ್ತಲಿ ಅಂತಾನೇ ಅವನ್ನ ಕರೆಸಿದ್ದೆ. ಅವನ ಹೆಂಡತಿ ದಿನ ತುಂಬಿದ ಬಸುರಿ ಅಂತ ಗೊತ್ತಿತ್ತು. ಗೊತ್ತಿದ್ದೂ ಕರೆಸಿದೆ." ತಂಬಿಗೆ ಕೆಳಗಿಟ್ಟು, "ನನ್ನ ಕೂಸು ಹೋತು. ನೀ ಹುಟ್ಟಿದಿ," ಅಂದರು.

ಹುಟ್ಟುವ ಮೊದಲೇ ನನ್ನನ್ನು ಯಾರೋ ತಮ್ಮ ಪಾಪಕ್ಕೆ ಒಡ್ಡಿದ್ದರು. ಆ ಯಾರೋ ಈಗ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನನ್ನ ಮುಖವನ್ನು ಹಸಿದವರ ಹಾಗೆ ನೋಡುತ್ತಿದ್ದರು. ಪಾಪ ಗೀಪ ಎಲ್ಲ ಸುಳ್ಳು ಎಂದು ನನಗೆ ಗೊತ್ತು. ಆದರೆ ಅವರ ಪಾಲಿಗೆ ಅದು ನಿಜವಾಗಿತ್ತಲ್ಲ, ನಿಜವೆಂದು ನಂಬಿಯೇ ಅದನ್ನು ನಮ್ಮ ಮನೆಯ ಕಡೆ ಕಳಿಸಿದ್ದರಲ್ಲ.

"ನೀ ಟೀಚರ್ ಆಗೀಯಂತ ಕೇಳಿದಾಗಿಂದ ಒಮ್ಮಿ ನೋಡಬೇಕಂತಿದ್ದೆ. ಗಿಡ ನೋಡಾಕಲ್ಲವ್ವಾ ನಾ ಬರೋದು, ನಿನ್ನ ನೋಡಾಕ. ನೀ ಬೇಕಾದ್ರ ಬೈ. ನಿಮ್ಮಪ್ಪಗ ಮಾತ್ರ ಹೇಳಬ್ಯಾಡ."

ಬೈಯಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟು ಚೀಲ ತೆಗೆದುಕೊಂಡು ಶಾಲೆಗೆ ಹೋದೆ. ಬೋರ್ಡಿನ ಮೇಲೆ ಹೂವಿನ ಭಾಗಗಳನ್ನು ಬರೆಯಬೇಕಿತ್ತು, ಸುಣ್ಣದ ಕಡ್ಡಿ ಹಿಡಿದು ಮಕ್ಕಳಿಗೆ ಬೆನ್ನು ಮಾಡಿ ಎಷ್ಟು ಹೊತ್ತು ನಿಂತೆನೋ. ಮೂರು ದಿನ ಅವರು ಬರುವ ಮೊದಲೇ ಮನೆ ಬಿಟ್ಟೆ. ಅವರು ಬಂದೇ ಬಂದರಂತೆ. ತಂಬಿಗೆ ಇಲ್ಲ, ಗಿಂಡಿ ಇಲ್ಲ, ಸುಮ್ಮನೆ ಕುಳಿತು ಎದ್ದು ಹೋದರಂತೆ. ನಾಲ್ಕನೇ ದಿನ ನನಗೆ ನನ್ನ ಮೇಲೇ ಬೇಸರವಾಗಿ ಉಳಿದೆ. ಅವತ್ತು ಮೊಳೆಗೆ ಅರ್ಧ ಸುತ್ತು ಕೊಡುವ ದಿನ.

"ನೋಯ್ತದ ಏನು ಅದಕ್ಕ?" ಎಂದು ಕೇಳಿದರು.

"ಗಿಡಕ್ಕ ನರ ಇರಂಗಿಲ್ಲರಿ ಅಮ್ಮಾರ," ಅಂದೆ. ಅವರಿಗೆ ಸಮಾಧಾನವಾಯಿತೋ ಇಲ್ಲವೋ, ಮೊಳೆ ತಿರುಗುವುದನ್ನೇ ನೋಡುತ್ತ ಕುಳಿತರು.

ಆಮೇಲಿನದು ಕಾಯುವ ಕೆಲಸ. ಹುಳಿ ಬಂದ ಮಣ್ಣು ಬಿಡಿಸಿ ಬುಡಕ್ಕೆ ಇಟ್ಟಿಗೆ ಪುಡಿ, ಮರಳು ತುಂಬಿದೆವು. ಕೊಂಬೆ ಬೋಳಾಯಿತು. ಅಪ್ಪ ದಿನಾ ಉಗುರಿನಿಂದ ಸಿಪ್ಪೆ ಒಂಚೂರು ಕೆರೆದು ಹಸಿರಿದೆಯಾ ನೋಡುತ್ತಿದ್ದ. ದಸರೆ ಹತ್ತಿರ ಬಂದಾಗ ಬಾಗಿನ ಆಚೆ, ನಾನು ಮುರಿದ ಜಾಗದಿಂದ ಮುಂದೆ, ತಾಮ್ರದ ಬಣ್ಣದ ಎರಡು ಚಿಗುರು ಬಂದವು. ಕೊಯ್ದ ಬಾಯಿ ಕೂಡಿಕೊಂಡಿತ್ತು. ಅಮ್ಮಾರು ಬಂದಾಗ ತೋರಿಸಿದೆ. ಚಿಗುರನ್ನು ಒಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ. ಕ್ಷಮಿಸಿದೆನೇ ಅಂತ ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಪ್ಪ ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತು ಬಂದ. ಮನೆಗೆ ಬಂದವನು ಕಾಲು ತೊಳೆಯದೆ ಕಟ್ಟೆಯ ಮೇಲೆ ಕುಳಿತ.

"ಸುಳ್ಳು ಹೇಳಿಬಿಟ್ಟೆನಲ್ಲವ್ವಾ. ಸಾಯೂತನ ಅದನ್ನೇ ನಂಬಿಕೊಂಡು ಹೋದ್ರು," ಎಂದು ಅಳತೊಡಗಿದ. ನನ್ನ ಅಪ್ಪ ಅತ್ತದ್ದನ್ನು ನಾನು ನೋ‌ಡಿದ್ದು ಅದೊಂದೇ ಸಲ. ತಡೆಯಲಾಗಲಿಲ್ಲ, ಕೊಟ್ಟ ಮಾತು ಅರ್ಧ ಮುರಿದೆ.

"ನಂಬಿದ್ದಿಲ್ಲಪ್ಪ. ಅವರಿಗೆ ಮೊದಲಿಂದ ಗೊತ್ತಿತ್ತು."

ಅಪ್ಪ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದ. "ಗೊತ್ತಿದ್ದೂ ದಿನಾ ಯಾಕ ಬರ್ತಿದ್ರು?"

ನಿಜ ನಾಲಿಗೆ ತುದಿಗೆ ಬಂದಿತ್ತು. ಮೂವತ್ತು ವರ್ಷ ಆ ಬಾಯ್ಲರಿನ ಮುಂದೆ ಬೆವರಿಳಿಸಿದ ಮನುಷ್ಯನ ಮುಖ ನೋಡಿ ನುಂಗಿಕೊಂಡೆ.

"ನಿನ್ನ ಗಿಡ ನೋಡಾಕ, ಅಪ್ಪ. ಅಂಥಾ ಛಂದನ ಗಿಡ ಎಲ್ಲೂ ನೋಡಿಲ್ಲ ಅಂತಿದ್ರು."

"ಹೌದೇನು?" ಅಂದ ಅಪ್ಪ. ಆ ಮಿಲ್ಲಿನ ಕಡೆಯಿಂದ ಅವನ ಜೀವಮಾನದಲ್ಲಿ ಬಂದ ಒಂದೇ ಒಂದು ಮೆಚ್ಚುಗೆಯ ಮಾತು ಅದು, ಅದನ್ನೂ ನಾನು ಕಟ್ಟಿ ಹೇಳಬೇಕಾಯಿತು.